ಕಿವಿಯಿಂದ ಕಲಿಸುವ ಪುಣ್ಯಾಶ್ರಮ

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಬಗ್ಗೆ ಬರೆಯುವವರು ‘ಅಂಧರ ಬಾಳಿನ ಬೆಳಕು’ ಎಂದು ಹೇಳಿ ಕೈಮುಗಿದು ಮುಂದೆ ಹೋಗುವುದೇ ಹೆಚ್ಚು. ಭಕ್ತಿ ತಪ್ಪಲ್ಲ. ಆದರೆ ಒಂದು ಶಾಲೆಯನ್ನು ಪವಾಡ ಎಂದುಬಿಟ್ಟರೆ ಅಂಥದ್ದನ್ನು ಇನ್ನೊಂದು ಕಡೆ ಮಾಡಿ ನೋಡುವ ಹೊಣೆ ಯಾರಿಗೂ ಉಳಿಯುವುದಿಲ್ಲ. ಬೇರೆಲ್ಲೂ ದಾರಿ ಕಾಣದ ಮಕ್ಕಳು ಇಲ್ಲಿ ಗವಾಯಿಗಳಾಗಿ ಹೊರಬಂದಿದ್ದರೆ ಅದಕ್ಕೆ ಕರುಣೆಯಷ್ಟೇ ಕಾರಣವಲ್ಲ. ಕಲಿಸುವ ಕ್ರಮದ ಪಾಲು ಅದಕ್ಕಿಂತ ದೊಡ್ಡದು.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಹುಟ್ಟು ಅಂಧರು. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದು, ಕರ್ನಾಟಕ ಸಂಗೀತ ಕಲಿತು, ನೀಲಕಂಠಬುವಾ ಮಿರಜಕರರಿಂದ ಹಿಂದುಸ್ತಾನಿಯನ್ನೂ ಪಡೆದರು. ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುತ್ತಿದ್ದ ಅವರ ಪಾಠಶಾಲೆ ಕೊನೆಗೆ ಗದುಗಿನಲ್ಲಿ ನೆಲೆ ನಿಂತಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ ಆಶ್ರಮವನ್ನು 2010ರವರೆಗೂ ನಡೆಸಿದ ಪುಟ್ಟರಾಜ ಗವಾಯಿಗಳೂ ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಗುರುವಿಗೇ ಕಣ್ಣಿಲ್ಲದಲ್ಲಿ ಕರಿಹಲಗೆಗೆ ಕೆಲಸವೇನು? ಸ್ವರ ಬಾಯಿಂದ ಕಿವಿಗೆ ದಾಟಬೇಕು, ಪಲಟಾ ನೂರು ಸಲ ತಿರುಗಬೇಕು. ತಬಲಾ ಆದರೆ ಬೆರಳನ್ನೇ ಹಿಡಿದು ಬಲಗೈ ತಬಲಾದ ಅಂಚಿನ ಮೇಲೆ ಇಟ್ಟು ‘ನಾ’ ನುಡಿಸಿ ತೋರಿಸಬೇಕು. ಹಾರ್ಮೋನಿಯಂ ಹಿಡಿದ ಕಣ್ಣಿರುವ ಹುಡುಗನೂ ಕಡೆಗೊಂದು ದಿನ ಮನೆಗಳನ್ನು ನೋಡುವುದನ್ನು ಬಿಡಲೇಬೇಕು. ನೋಡಿ ನುಡಿಸುವವನು ಗಾಯಕನ ಬೆನ್ನು ಹಿಡಿಯಲಾರ. ಕಣ್ಣಿಲ್ಲದವನು ಮೊದಲ ದಿನವೇ ಆ ಹಾದಿಯಲ್ಲಿರುತ್ತಾನೆ. ಬೇರೆ ಶಾಲೆಯಲ್ಲಿ ‘ವಿಶೇಷ ಮಗು’ ಎನಿಸಿಕೊಳ್ಳುವವನು ಇಲ್ಲಿ ಬರೀ ವಿದ್ಯಾರ್ಥಿ. ಬದಲಾದದ್ದು ಮಗುವಲ್ಲ, ಪಾಠ.

ಎರಡನೆಯ ಕಾರಣ ಅನ್ನ ಮತ್ತು ಪುರಸೊತ್ತು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಎಂ. ವೆಂಕಟೇಶ ಕುಮಾರ್ ಕಣ್ಣಿರುವವರು. ಅವರ ಮನೆಯ ಕೊರತೆ ಬಡತನ. ತಂದೆ ಹುಲ್ಲೆಪ್ಪ ಜನಪದ ಗಾಯಕರು, ತೊಗಲುಗೊಂಬೆಯಾಟದವರು. ಸೋದರಮಾವ ಬೆಳಗಲ್ಲು ವೀರಣ್ಣ 1968ರಲ್ಲಿ ಹುಡುಗನನ್ನು ಆಶ್ರಮಕ್ಕೆ ಕರೆತಂದರು. ಸುಮಾರು ಹನ್ನೆರಡು ವರ್ಷ ಅಲ್ಲೇ ಉಂಡು, ಅಲ್ಲೇ ಮಲಗಿ ಕಲಿತ ಅವರು ಮುಂದೆ ಧಾರವಾಡದಲ್ಲಿ ಸಂಗೀತ ಅಧ್ಯಾಪಕರಾದರು, 2016ರಲ್ಲಿ ಪದ್ಮಶ್ರೀ ಪಡೆದರು. ವರ್ಷಕ್ಕೊಂದು ಪರೀಕ್ಷೆ ಇಟ್ಟು ‘ಪಾಸೋ ಫೇಲೋ’ ಎಂದು ಕೇಳುವ ವ್ಯವಸ್ಥೆ ಒಬ್ಬ ಬಡಹುಡುಗನಿಗೆ ಹನ್ನೆರಡು ವರ್ಷ ಕೊಡುವುದುಂಟೇ? ಆ ಅನ್ನವೂ ಬಿಟ್ಟಿ ಬಂದದ್ದಲ್ಲ. ಆಶ್ರಮ ನಾಟಕ ಕಂಪನಿ ಕಟ್ಟಿ, ಪುಟ್ಟರಾಜರೇ ನಾಟಕ ಬರೆದು, ಆಡಿ ಬಂದ ಹಣವನ್ನು ಅಡುಗೆಮನೆಗೆ ಸುರಿಯಿತು. ಕಲಿಯುವವರಿಗೆ ಅಲ್ಲೇ ಪೇಟಿ, ಅಲ್ಲೇ ರಂಗಸ್ಥಳ, ಎದುರಿಗೆ ಟಿಕೆಟ್ ಕೊಂಡು ಕುಳಿತ ಜನ.

ಕುರುಡರೆಂದರೆ ಹಾಡುವವರು ಎಂಬ ಹಳೆಯ ಅಚ್ಚಿಗೇ ಮಕ್ಕಳನ್ನು ಎರಕ ಹೊಯ್ದಂತಾಗಲಿಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕಲಾಗದು. ಇಂದು ಕಣ್ಣಿಲ್ಲದವರು ಬ್ಯಾಂಕಿನಲ್ಲಿದ್ದಾರೆ, ಕಂಪ್ಯೂಟರಿನ ಮುಂದಿದ್ದಾರೆ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾರೆ. ಲೆಕ್ಕದಲ್ಲಿ ಚುರುಕಾದ ಅಂಧ ಹುಡುಗಿಯನ್ನು ತಂಬೂರಿಯ ಮುಂದೆ ಕೂರಿಸುವುದು ಅನ್ಯಾಯವೇ. ಆದರೆ ಆಶ್ರಮ ಬೇರೂರಿದ ಕಾಲದಲ್ಲಿ ಆ ಬಾಗಿಲುಗಳು ಇರಲಿಲ್ಲ. ಭಗವದ್ಗೀತೆಯನ್ನು ಬ್ರೈಲ್ ಲಿಪಿಗಿಳಿಸಿದ ಪುಟ್ಟರಾಜರಿಗೆ ಓದು ಬೇಡವಾಗಿತ್ತು ಎನ್ನುವಂತೆಯೂ ಇಲ್ಲ. ಇಲ್ಲಿಂದ ಕಲಿಯಬೇಕಾದದ್ದು ಸಂಗೀತವೆಂಬ ವಿಷಯವನ್ನಲ್ಲ, ಮಗುವಿಗೆ ಯಾವ ಇಂದ್ರಿಯ ಚುರುಕೋ ಆ ದಾರಿಯಲ್ಲಿ ಪಾಠ ಹೋಗಬೇಕೆಂಬ ಪಟ್ಟನ್ನು. ಗಣಿತಕ್ಕೂ ಅದು ಒಗ್ಗುತ್ತದೆ.

ಪದ್ಮಶ್ರೀ ಬಂದವರು ಬೆರಳೆಣಿಕೆ, ಉಳಿದವರ ಕಥೆಯೇನು ಎಂಬ ಪ್ರಶ್ನೆಯೂ ಇದೆ. ಆದರೆ ಶಾಲೆಯನ್ನು ಅದರ ನಕ್ಷತ್ರಗಳಿಂದ ಅಳೆಯುವುದೇ ಸರಿಯಲ್ಲ. ಇಲ್ಲಿ ಕಲಿತವರು ಹಳ್ಳಿ ಪಟ್ಟಣಗಳಲ್ಲಿ ಸಂಗೀತ ಶಿಕ್ಷಕರು, ಭಜನಾ ಮೇಳದ ಪೇಟಿ ಮಾಸ್ತರರು, ಪುರಾಣ ಪ್ರವಚನದ ಪಕ್ಕದಲ್ಲಿ ಕೂರುವ ಗವಾಯಿಗಳು, ತಬಲಾ ಸಾಥಿಗಳು. ಶ್ರಾವಣ ಬಂತೆಂದರೆ ಉತ್ತರ ಕರ್ನಾಟಕದ ಮಠಗಳಲ್ಲಿ ತಿಂಗಳಿಡೀ ಪುರಾಣ. ಆ ತಿಂಗಳು ಕೈ ಖಾಲಿ ಇರುವ ಪುಣ್ಯಾಶ್ರಮದ ಶಿಷ್ಯ ಸಿಗುವುದು ಕಷ್ಟ.