ಎಲುಬಿಗೆ ಕಟ್ಟುವ ಗುರುತು: ಯಾವುದು ಸೂಕ್ತ?

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ–ಜಮಖಂಡಿ ಭಾಗದ ರಸ್ತೆಗಳಲ್ಲಿ ರಾತ್ರಿ ವಾಹನ ಓಡಿಸುವವರಿಗೆ ಎದೆ ಢವಗುಟ್ಟುತ್ತದೆ. ಕಬ್ಬು ಹೇರಿದ ಟ್ರೇಲರ್ ಹಿಂದೆ ಅಂಟಿಸಿದ ರಿಫ್ಲೆಕ್ಟರ್ ಪಟ್ಟಿಯೇ ಅವರಿಗೆ ರಕ್ಷೆ. ಬೆಳಕು ಬಂದ ದಿಕ್ಕಿಗೇ ಅದನ್ನು ಮರಳಿಸುವುದು ಆ ಪಟ್ಟಿಯ ಗುಣ. ಕೆಸರು ಮೆತ್ತಿದರೆ ಆ ಗುಣ ಹೋಯಿತು.

ಮೊಣಕಾಲು ಕೀಲು ಬದಲಿಸುವ ಆಪರೇಷನ್ ಥಿಯೇಟರಿನಲ್ಲೂ ಇದೇ ಗುಣ ಕೆಲಸಕ್ಕೆ ಬರುತ್ತದೆ. ಕಂಪ್ಯೂಟರ್ ನೆರವಿನಿಂದ ಇಡೀ ಮೊಣಕಾಲು ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯನ್ನು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಡಾ. ಡೊಮಿನಿಕ್ ಸರಗಾಲಿಯಾ ಮಾಡಿದ್ದು 1997ರ ಜನವರಿಯಲ್ಲಿ. ಈ ವಿಧಾನದಲ್ಲಿ ತೊಡೆ ಎಲುಬಿಗೂ ಮೊಣಕಾಲಿನ ಕೆಳಗಿನ ಎಲುಬಿಗೂ ಪಿನ್ನು ಬಿಗಿದು ಅದರ ಮೇಲೆ ಗುರುತುಗಳ ಚೌಕಟ್ಟು ಕೂರಿಸುತ್ತಾರೆ. ಎರಡು ಕಣ್ಣಿನ ಇನ್‌ಫ್ರಾರೆಡ್ ಕ್ಯಾಮೆರಾ ಅವುಗಳನ್ನು ದೂರದಿಂದಲೇ ನೋಡಿ, ಎಲುಬು ಎಲ್ಲಿದೆ, ಎತ್ತ ವಾಲಿದೆ ಎಂದು ಲೆಕ್ಕ ಹಾಕುತ್ತದೆ. ಅದಕ್ಕೆ ಪ್ರತಿ ಚೌಕಟ್ಟಿನಲ್ಲೂ ಕನಿಷ್ಠ 3 ಗುರುತು ಕಾಣಬೇಕು. ಕೆನಡಾದ ವಾಟರ್ಲೂ ನಗರದ ಎನ್‌ಡಿಐ ಕಂಪನಿ ತನ್ನ ಪೊಲಾರಿಸ್ ವೇಗಾ ಕ್ಯಾಮೆರಾದ ನಿಖರತೆ 0.12 ಮಿ.ಮೀ. ಎನ್ನುತ್ತದೆ.

ಕ್ಯಾಮೆರಾ ಎಷ್ಟೇ ಚುರುಕಾಗಿರಲಿ, ಗುರುತು ಕೆಟ್ಟರೆ ಲೆಕ್ಕವೂ ಕೆಡುತ್ತದೆ.

ಹೆಚ್ಚು ಬಳಕೆಯಲ್ಲಿರುವುದು ಸಣ್ಣ ಬೂದು ಗುಂಡು. ತಂತಿಯಿಲ್ಲ, ಬ್ಯಾಟರಿಯಿಲ್ಲ, ಮೈತುಂಬ ಬೆಳಕು ಮರಳಿಸುವ ಸೂಕ್ಷ್ಮ ಗಾಜಿನ ಮಣಿಗಳ ಲೇಪ. ಒಂದು ಹನಿ ರಕ್ತ ಸಿಡಿದು ಗುಂಡಿನ ಒಂದು ಬದಿ ಮಸುಕಾಯಿತೆನ್ನಿ. ಕ್ಯಾಮೆರಾ ಹೊಳೆಯುವ ಭಾಗದ ನಡುವನ್ನೇ ಗುಂಡಿನ ಕೇಂದ್ರವೆಂದು ಹಿಡಿಯುತ್ತದೆ, ಕೇಂದ್ರ ಕೊಂಚ ಜರುಗುತ್ತದೆ. ಇಂಥ ಗುರುತು ಹೊತ್ತ ಉಪಕರಣದ ತುದಿ ಚೌಕಟ್ಟಿನಿಂದ ದೂರವಿದ್ದಷ್ಟೂ ಆ ತಪ್ಪು ಬೆಳೆಯುತ್ತದೆ. ತಪ್ಪು ಸಣ್ಣದಾಗಿದ್ದರೆ ಕಂಪ್ಯೂಟರ್ ಎಚ್ಚರಿಸದೆಯೂ ಇರಬಹುದು. ಕೈಗವಸಿನ ಒದ್ದೆ ಬೆರಳು ತಾಗಿದರೂ ಅಪಾಯವೇ. ಗುಂಡಿನ ಲೇಪ ಒರೆಸುವುದಕ್ಕೆ ತಕ್ಕದ್ದಲ್ಲ, ಬದಲಿಸುವುದೇ ಸರಿ.

ಎರಡನೆಯದು ತಾನೇ ಮಿನುಗುವ ಎಲ್‌ಇಡಿ. ಒಂದಾದ ಮೇಲೊಂದು ಹೊತ್ತುವುದರಿಂದ ಯಾವುದು ಯಾವುದೆಂಬ ಗೊಂದಲವಿಲ್ಲ. ಆದರೆ ತಂತಿ ಇಲ್ಲವೇ ಬ್ಯಾಟರಿ ಬೇಕು, ಆಟೋಕ್ಲೇವ್‌ನ ಬಿಸಿ ಹಬೆಯನ್ನು ಇಂತಿಷ್ಟು ಸಲ ಮಾತ್ರ ತಾಳುತ್ತದೆ. ಮೂರನೆಯದು ನುಣುಪಾದ ಲೆನ್ಸ್ ಮಾದರಿಯ ಗುರುತು. ರಕ್ತ ಬಿದ್ದರೆ ಒರೆಸಿ ಮುಂದುವರಿಯಬಹುದು. ಗರಗಸ ಆಡುವ, ರಕ್ತ ಸಿಡಿಯುವ ಎಲುಬಿನ ಕೆಲಸಕ್ಕೆ ಇದೇ ಹೆಚ್ಚು ಹೊಂದುತ್ತದೆ.

ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಯ ಜನ ಇಂಥ ಚಿಕಿತ್ಸೆಗೆ ಬಾಗಲಕೋಟೆ, ಬೆಳಗಾವಿ, ಮಿರಜ, ಹುಬ್ಬಳ್ಳಿಯ ದಾರಿ ಹಿಡಿಯುತ್ತಾರೆ. ನಾಳೆ ತಾಲ್ಲೂಕಿನ ಆಸ್ಪತ್ರೆಯೇ ಯಂತ್ರ ಕೊಳ್ಳಲು ಹೊರಟರೆ ಕ್ಯಾಮೆರಾದ ಬೆಲೆಗಿಂತ ಮೊದಲು ಪ್ರತಿ ಆಪರೇಷನ್ನಿಗೆ ಗುರುತಿನ ಖರ್ಚೆಷ್ಟು ಎಂದು ಕೇಳಬೇಕು. ಒಮ್ಮೆ ಬಳಸಿ ಎಸೆಯಬೇಕಾದ ಗುಂಡನ್ನು ಉಳಿತಾಯಕ್ಕೆಂದು ತೊಳೆದು ಮತ್ತೆ ಹಚ್ಚುವ ಆಸೆ ಹುಟ್ಟುವುದು ಅಲ್ಲಿಂದಲೇ. ಲೇಪ ಸವೆದ ಗುಂಡಿನ ಹೊಳಪು ಒಂದೇ ಸಮ ಇರುವುದಿಲ್ಲ, ಅದರ ಬೆಲೆ ತೆರುವವರು ರೋಗಿಗಳು.

ಡೆಮೊ ತೋರಿಸಲು ಬಂದವರು ಪ್ಲಾಸ್ಟಿಕ್ ಎಲುಬಿನ ಮೇಲೆ ತೋರಿಸಿದ್ದನ್ನಷ್ಟೇ ನೋಡಿ ಸಹಿ ಹಾಕಬಾರದು. ಆಸ್ಪತ್ರೆಯ ಓಟಿಯಲ್ಲೇ, ಅಲ್ಲಿನ ಸಿಸ್ಟರ್‌ಗಳ ಕೈಯಲ್ಲೇ, ಗುರುತಿನ ಮೇಲೆ ನೀರು ಚಿಮುಕಿಸಿ, ಸಹಾಯಕರ ಹೆಗಲು ಕ್ಯಾಮೆರಾಗೆ ಅಡ್ಡ ಬಂದಾಗ ಏನಾಗುತ್ತದೆಂದು ನೋಡಿಯೇ ಆರಿಸಬೇಕು.