ನಗುವುದಕ್ಕೂ ತರಬೇತಿ

ಕ್ಯಾಮೆರಾ ಮುಂದೆ ಹೇಗೆ ಕೂರಬೇಕು, ಎಷ್ಟು ನಗಬೇಕು ಎಂಬ ಪಾಠದಿಂದಲೇ ‘ಶೈನ್’ ಕಾದಂಬರಿ ಶುರುವಾಗುತ್ತದೆ. ಪಾಠ ಕಲಿಯುತ್ತಿರುವ ರೇಚಲ್ ಕಿಮ್‌ಗೆ ಹದಿನೇಳು ವರ್ಷ. ದಕ್ಷಿಣ ಕೊರಿಯಾದ ಸೋಲ್‌ನ ದೊಡ್ಡ ಮನರಂಜನಾ ಕಂಪನಿಯೊಂದು ಆಕೆಯನ್ನು ಹನ್ನೊಂದನೇ ವಯಸ್ಸಿಗೇ ಆರಿಸಿಕೊಂಡಿತ್ತು. ಮಗಳಿಗಾಗಿ ಇಡೀ ಕುಟುಂಬ ನ್ಯೂಯಾರ್ಕ್ ಬಿಟ್ಟು ಬಂದಿದೆ. ಆರು ವರ್ಷ ಹಾಡಿ ಕುಣಿದರೂ ವೇದಿಕೆ ಏರುವ ದಿನ ಯಾವುದೆಂದು ಇನ್ನೂ ಗೊತ್ತಿಲ್ಲ.

2020ರಲ್ಲಿ ಬಂದ ಈ ಕಾದಂಬರಿ ಬರೆದವರು ಜೆಸ್ಸಿಕಾ ಜಂಗ್. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹುಟ್ಟಿ, ಬಾಲ್ಯದಲ್ಲೇ ಕೊರಿಯಾದ ಎಸ್‌ಎಂ ಎಂಟರ್‌ಟೈನ್‌ಮೆಂಟ್ ಕಂಪನಿ ಸೇರಿ, ಏಳು ವರ್ಷ ಪಳಗಿ, 2007ರಲ್ಲಿ ‘ಗರ್ಲ್ಸ್ ಜನರೇಷನ್’ ಪಾಪ್ ಗಾಯನ ತಂಡದ ಒಂಬತ್ತು ಹುಡುಗಿಯರಲ್ಲಿ ಒಬ್ಬರಾಗಿ ಏಷ್ಯಾದ ಮನೆಮಾತಾದವರು. ಕೀರ್ತಿಯ ತುದಿಯಲ್ಲಿದ್ದಾಗಲೇ, 2014ರಲ್ಲಿ, ತಂಡದಿಂದ ಹೊರಬಿದ್ದರು. ತಾನಾಗಿ ಬಿಟ್ಟಿಲ್ಲ, ಬಿಡಿಸಿದರು ಎಂದು ಆಗಲೇ ಬಹಿರಂಗವಾಗಿ ಹೇಳಿದ್ದರು. ಕಂಪನಿ ಹೇಳಿದ್ದೇ ಬೇರೆ. ಆತ್ಮಕಥೆಯಲ್ಲಿ ಹೆಸರು ಹಿಡಿದು ಹೇಳಲಾಗದ್ದನ್ನು ಕಾದಂಬರಿಯ ಮರೆಯಲ್ಲಿ ಹೇಳಿದ್ದಾರೆ ಎಂದೇ ನನಗನ್ನಿಸುತ್ತದೆ.

ಪ್ರೇಮಕಥೆಯ ಎಳೆ ತುಸು ಸಿನಿಮೀಯ. ಪ್ರತಿಸ್ಪರ್ಧಿ ಮೀನಾಳ ಕುತಂತ್ರಗಳು ಟಿವಿ ಧಾರಾವಾಹಿ ನೆನಪಿಸುತ್ತವೆ. ತರಬೇತಿ ಕೋಣೆಯೊಳಗೆ ಹೊಕ್ಕಾಗ ಮಾತ್ರ ಬರಹ ಬಿಗಿಯಾಗುತ್ತದೆ. ಓದು ಬಿಡಕೂಡದೆಂದು ತಾಯಿ ಪಟ್ಟು ಹಿಡಿದದ್ದರಿಂದ ರೇಚಲ್ ವಾರಾಂತ್ಯದಲ್ಲಷ್ಟೇ ಬರುತ್ತಾಳೆ. ಹಗಲೂ ರಾತ್ರಿ ಅಲ್ಲೇ ಬೆವರು ಸುರಿಸುವ ಉಳಿದವರಿಗೆ ಅದೇ ಕಣ್ಣುರಿ. ಪಕ್ಕದವಳು ಆಯ್ಕೆಯಾದರೆ ತನ್ನ ಜಾಗ ಹೋಯಿತು ಎಂಬ ಲೆಕ್ಕ ತಲೆಯಲ್ಲಿ ಕೂತ ಮೇಲೆ ಗೆಳೆತನ ಎಲ್ಲಿಂದ ಬರಬೇಕು? ಪ್ರೀತಿಗಂತೂ ನಿಷೇಧವೇ. ರೇಚಲ್ ಮನಸೋಲುವುದು ಅದೇ ಕಂಪನಿಯ ತಾರೆ ಜೇಸನ್ ಲೀಗೆ. ನಿಯಮ ಇಬ್ಬರಿಗೂ ಒಂದೇ, ಬೆಲೆ ತೆರಬೇಕಾದವಳು ಹುಡುಗಿ. ನನ್ನನ್ನು ಅತಿಯಾಗಿ ಕಾಡಿದ್ದು ಈ ಭಾಗ.

ಇದೆಲ್ಲ ಕಲ್ಪನೆ ಎಂದು ಪುಸ್ತಕ ಮುಚ್ಚಿಡಲು ಆಗುವುದಿಲ್ಲ. ಜೆಸ್ಸಿಕಾ ಇದ್ದ ಕಂಪನಿಯದ್ದೇ ‘ಎಫ್‌ಎಕ್ಸ್’ ತಂಡದಲ್ಲಿದ್ದ ಸುಲ್ಲಿ, ಜಾಲತಾಣಗಳ ನಿಂದೆಯನ್ನು ವರ್ಷಗಟ್ಟಲೆ ನುಂಗಿ, 2019ರ ಅಕ್ಟೋಬರ್‌ನಲ್ಲಿ 25ನೇ ವಯಸ್ಸಿಗೆ ತೀರಿಕೊಂಡರು. ಆರು ವಾರದೊಳಗೆ ಆಕೆಯ ಗೆಳತಿ, ‘ಕಾರಾ’ ತಂಡದ ಗೂ ಹಾರಾ ಕೂಡ ಹೋದರು, ಆಕೆಗೆ 28. ಸುಲ್ಲಿ ಸಾವಿನ ಬೆನ್ನಿಗೆ ದೌಮ್, ಮರುವರ್ಷದ ಮಾರ್ಚ್‌ನಲ್ಲಿ ನೇವರ್ ಜಾಲತಾಣಗಳು ಮನರಂಜನಾ ಸುದ್ದಿಗಳ ಕೆಳಗಿನ ಕಾಮೆಂಟ್ ವಿಭಾಗವನ್ನೇ ತೆಗೆದುಹಾಕಿದವು. ಆ ನಿರ್ಧಾರ ಎರಡು ವರ್ಷ ಮೊದಲೇ ಬರಬಾರದಿತ್ತೇ ಎಂಬ ಸಂಕಟ ಇಂದಿಗೂ ಹೋಗಿಲ್ಲ.

ಕಾದಂಬರಿಯ ಮುಂದಿನ ಭಾಗ ‘ಬ್ರೈಟ್’ 2022ರಲ್ಲಿ ಬಂತು. ಅದಾಗಿ ಎರಡು ವರ್ಷಕ್ಕೆ, 2024ರ ಫೆಬ್ರುವರಿ ಕೊನೆಯಲ್ಲಿ, ಎಸ್‌ಎಂನದ್ದೇ ‘ಎಸ್ಪಾ’ ತಂಡದ ಕರೀನಾ ನಟ ಲೀ ಜೇ-ವೂಕ್ ಅವರನ್ನು ಪ್ರೀತಿಸುತ್ತಿರುವ ಸುದ್ದಿ ಹೊರಬಿತ್ತು. ಕಂಪನಿ ಕಚೇರಿಯ ಮುಂದೆ ಎಲೆಕ್ಟ್ರಾನಿಕ್ ಫಲಕ ಹೊತ್ತ ಲಾರಿ ಬಂದು ನಿಂತಿತು. ಕ್ಷಮೆ ಕೇಳದಿದ್ದರೆ ಆಲ್ಬಂ ಮಾರಾಟ ಕುಸಿಯುತ್ತದೆ, ಕಾರ್ಯಕ್ರಮದ ಕುರ್ಚಿಗಳು ಖಾಲಿ ಬೀಳುತ್ತವೆ ಎಂದು ಅಭಿಮಾನಿಗಳೇ ಅದರಲ್ಲಿ ಬರೆಸಿದ್ದರು. ಇಪ್ಪತ್ತಮೂರರ ಆ ಹುಡುಗಿ ಕೈಬರಹದಲ್ಲಿ ಕ್ಷಮಾಪಣೆ ಪತ್ರ ಬರೆದು ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಏಪ್ರಿಲ್ ಮೊದಲ ವಾರದಲ್ಲಿ ಇಬ್ಬರೂ ಬೇರೆಯಾದರು.