ಬೆರಳೊತ್ತಿನ ಲೆಕ್ಕ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರ ಎಂಬ ಊರಿದೆ. ಈ ಊರಿನ ಕೆಂಪು ಬಾಳೆ ಹೆಸರಾದುದು. ಭೌಗೋಳಿಕ ಗುರುತಿನ ಮನ್ನಣೆಯನ್ನೂ ಪಡೆದಿದೆ. ಬಸ್ ನಿಲ್ದಾಣದ ಬಳಿ ಒಬ್ಬಾಕೆ ಬುಟ್ಟಿಯ ತುಂಬ ಈ ಹಣ್ಣನ್ನಿಟ್ಟುಕೊಂಡು ಕುಳಿತಿದ್ದಾಳೆಂದು ಭಾವಿಸೋಣ. ಮುಂಜಾನೆಯಿಂದ ಸಂಜೆಯವರೆಗೆ ಸಾವಿರ ಮಂದಿ ಅವಳ ಮುಂದೆ ಹಾದುಹೋಗುತ್ತಾರೆ. ಅವರಲ್ಲಿ ನೂರು ಮಂದಿ ನಿಂತು ಬೆಲೆ ಕೇಳುತ್ತಾರೆ. ಮೂವತ್ತು ಮಂದಿ ಕೊಳ್ಳುತ್ತಾರೆ. ಹಾದುಹೋದವರೆಷ್ಟು, ನಿಂತವರೆಷ್ಟು ಎಂಬುದನ್ನು ಆಕೆ ಬರೆದಿಡುವುದಿಲ್ಲ. ಸಂಜೆ ಬುಟ್ಟಿ ಬರಿದಾಯಿತೇ ಇಲ್ಲವೇ ಎಂಬುದಷ್ಟೇ ಅವಳ ಲೆಕ್ಕ.

ಮೊಬೈಲಿನ ತೆರೆಯ ಮೇಲೆ ಮೂಡುವ ಜಾಹೀರಾತುಗಳ ವಿಷಯ ಹಾಗಲ್ಲ. ಅಲ್ಲಿ ಕಣ್ಣಿಗೆ ಕಾಣದ ಗುಮಾಸ್ತನೊಬ್ಬ ಹಗಲಿರುಳೂ ಎಣಿಸುತ್ತ ಕುಳಿತಿರುತ್ತಾನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ ಸಾಮಾಜಿಕ ಜಾಲತಾಣಗಳಲ್ಲಿ ಒಂದು ಜಾಹೀರಾತು ಎಷ್ಟು ಸಲ ತೆರೆಯ ಮೇಲೆ ಮೂಡಿತು, ನೋಡಿದವರು ಎಷ್ಟು ಸಲ ಅದರ ಮೇಲೆ ಬೆರಳೊತ್ತಿದರು ಎಂಬುದು ಒಂದೂ ಬಿಡದಂತೆ ದಾಖಲಾಗುತ್ತದೆ. ಬೆರಳೊತ್ತಿದ ಸಲಗಳನ್ನು ಮೂಡಿದ ಸಲಗಳಿಂದ ಭಾಗಿಸಿ ನೂರರಿಂದ ಗುಣಿಸಿದರೆ ದೊರೆಯುವ ಸಂಖ್ಯೆಯೇ ಕ್ಲಿಕ್ ಪ್ರಮಾಣ. ಹಣ್ಣಿನಾಕೆಯ ಮುಂದೆ ಸಾವಿರಕ್ಕೆ ನೂರು ಮಂದಿ ನಿಂತರಲ್ಲವೇ? ಆಕೆಯ ಬುಟ್ಟಿಯ ಕ್ಲಿಕ್ ಪ್ರಮಾಣ ಶೇಕಡ 10. ಜಾಹೀರಾತಿನವರು ಕೇಳಿದರೆ ಅಸೂಯೆಪಡುವಂತಹ ಸಂಖ್ಯೆ ಅದು!

ಒಂಬತ್ತನೆಯ ತರಗತಿಯವರಿಗೆ ಈ ಲೆಕ್ಕವೇಕೆ ಎಂದು ಕೇಳಬಹುದು. ಬರುವ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಯುತ್ತಿದ್ದಂತೆ ಕಮಲಾಪುರದಂತಹ ಊರುಗಳ ಮನೆಮನೆಯಲ್ಲೂ ಒಂದೇ ಪ್ರಶ್ನೆ ಏಳುತ್ತದೆ: ಮುಂದೆ ಓದಲು ಎಲ್ಲಿಗೆ ಕಳುಹಿಸುವುದು? ಸುತ್ತಲಿನ ಊರುಗಳವರ ಕಣ್ಣು ಸಹಜವಾಗಿ ಕಲಬುರಗಿಯ ಕಡೆಗೆ ಹೊರಳುತ್ತದೆ. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಸ್ಥಾಪನೆಯಾದಂದಿನಿಂದ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ತಲೆಯೆತ್ತಿದಂದಿನಿಂದ, ಈ ನಗರ ಸುತ್ತಣ ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಹೆಬ್ಬಾಗಿಲಾಗಿದೆ. 2009ರಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಜಿಲ್ಲೆಗೆ ಬಂದಿತು. ಕಾಲೇಜುಗಳು ಹೆಚ್ಚಿದಂತೆ ಅವುಗಳ ನಡುವಣ ಪೈಪೋಟಿಯೂ ಹೆಚ್ಚಿತು. ಹಿಂದೆ ಗೋಡೆಬರಹವೂ ಕರಪತ್ರವೂ ಮಾಡುತ್ತಿದ್ದ ಕೆಲಸದ ಬಹುಪಾಲನ್ನು ಇಂದು ಅಂಗೈಯಗಲದ ತೆರೆ ಮಾಡುತ್ತಿದೆ. ಕರಪತ್ರವನ್ನು ಎಷ್ಟು ಜನ ಓದಿದರು, ಎಷ್ಟು ಜನ ಅದರಲ್ಲಿ ಕಡಲೆಕಾಯಿ ಕಟ್ಟಿಕೊಂಡರು ಎಂಬುದು ಅದನ್ನು ಹಂಚಿಸಿದವರಿಗೆ ತಿಳಿಯುತ್ತಿರಲಿಲ್ಲ. ಈಗ ತಿಳಿಯುತ್ತದೆ ಅಥವಾ ತಿಳಿದಂತೆ ತೋರುತ್ತದೆ.

ಈ ಎಣಿಕೆಯ ಕಥೆ ಬಹಳ ಹಳೆಯದಲ್ಲ. 1994ರ ಅಕ್ಟೋಬರ್ 27ರಂದು ಅಮೆರಿಕದ ‘ಹಾಟ್‌ವೈರ್ಡ್’ ಎಂಬ ಜಾಲಪತ್ರಿಕೆಯಲ್ಲಿ ಎ.ಟಿ. ಅಂಡ್ ಟಿ. ಎಂಬ ದೂರವಾಣಿ ಸಂಸ್ಥೆಯ ಪಟ್ಟಿಯಾಕಾರದ ಜಾಹೀರಾತು ಪ್ರಕಟವಾಯಿತು. ನೋಡಿದವರಲ್ಲಿ ಶೇಕಡ 44ರಷ್ಟು ಮಂದಿ ಅದನ್ನು ಒತ್ತಿದರೆಂದು ಅದನ್ನು ರೂಪಿಸಿದವರು ಹೇಳಿಕೊಂಡರು. ಊರಿಗೆ ಮೊದಲ ಬಾರಿ ರೈಲು ಬಂದಾಗ ಊರೆಲ್ಲ ಹಳಿಯ ಬಳಿ ನೆರೆಯುವಂತೆ ಅದು ಹೊಸತರ ಕುತೂಹಲ. ಜಾಹೀರಾತುಗಳು ಹೆಚ್ಚಿದಂತೆ ಜನರ ಕಣ್ಣು ಅವುಗಳನ್ನು ದಾಟಿ ಹೋಗುವುದನ್ನು ಕಲಿಯಿತು. ಈ ಬಗೆಯ ಪಟ್ಟಿ ಜಾಹೀರಾತುಗಳಿಗೆ ಇಂದು ನೂರಕ್ಕೆ ಒಂದು ಕ್ಲಿಕ್ ಬಿದ್ದರೂ ಅದು ಹೆಚ್ಚೇ.

ಹಾಗಾದರೆ ಶಿಕ್ಷಣದ ಜಾಹೀರಾತಿಗೆ ಎಷ್ಟು ಕ್ಲಿಕ್ ಬಿದ್ದರೆ ಸರಿ? ಇದಕ್ಕೆ ಉತ್ತರ ಕೊಡಲೆಂದು ಕೆಲವು ಸಂಸ್ಥೆಗಳು ಹಲವಾರು ಜಾಹೀರಾತುಗಳ ಲೆಕ್ಕವನ್ನು ಒಟ್ಟುಗೂಡಿಸಿ ಸರಾಸರಿ ತೆಗೆದು ಪ್ರಕಟಿಸುತ್ತವೆ. ಇಂತಹ ಸರಾಸರಿಯನ್ನು ಆ ಕ್ಷೇತ್ರದ ಮಾನದಂಡವೆಂದು ಕರೆಯುವ ರೂಢಿಯಿದೆ. ವರ್ಡ್‌ಸ್ಟ್ರೀಮ್ ಎಂಬ ಅಮೆರಿಕದ ಸಂಸ್ಥೆ 2017ರಲ್ಲಿ ಫೇಸ್‌ಬುಕ್ ಜಾಹೀರಾತುಗಳ ಬಗ್ಗೆ ಹೊರತಂದ ಪಟ್ಟಿ ಪ್ರಸಿದ್ಧವಾಯಿತು. ಅದರಲ್ಲಿ ಎಲ್ಲ ಕ್ಷೇತ್ರಗಳ ಸರಾಸರಿ ಕ್ಲಿಕ್ ಪ್ರಮಾಣ ಶೇಕಡ 0.90, ಶಿಕ್ಷಣ ಕ್ಷೇತ್ರದ್ದು ಶೇಕಡ 0.73 ಮಾತ್ರ. ಚಿಲ್ಲರೆ ವ್ಯಾಪಾರದ್ದು ಶೇಕಡ 1.59. ಎಂದರೆ ವಿದ್ಯೆಗಿಂತ ಚಿಲ್ಲರೆ ಅಂಗಡಿಯ ಮೇಲೆ ಎರಡು ಪಟ್ಟು ಬೆರಳುಗಳು!

ಇಷ್ಟನ್ನೇ ಓದಿ ನಿಟ್ಟುಸಿರಿಡಬೇಕಾಗಿಲ್ಲ. ಅದೇ ಪಟ್ಟಿಯಲ್ಲಿ ಇನ್ನೊಂದು ಅಂಕಣವಿತ್ತು. ಬೆರಳೊತ್ತಿದವರಲ್ಲಿ ಎಷ್ಟು ಮಂದಿ ಮುಂದಿನ ಹೆಜ್ಜೆಯನ್ನಿಟ್ಟರು, ಅಂದರೆ ಅರ್ಜಿ ತುಂಬಿದರು, ಹೆಸರು ನೋಂದಾಯಿಸಿದರು ಅಥವಾ ವಸ್ತುವನ್ನು ಕೊಂಡರು ಎಂಬುದನ್ನು ಅದು ತೋರಿಸುತ್ತಿತ್ತು. ಇದರ ಒಟ್ಟು ಸರಾಸರಿ ಶೇಕಡ 9.21 ಆದರೆ ಶಿಕ್ಷಣದ್ದು ಶೇಕಡ 13.58. ಶಿಕ್ಷಣದ ಜಾಹೀರಾತನ್ನು ಒತ್ತುವವರು ಕಡಿಮೆ. ಆದರೆ ಒತ್ತಿದವರು ಸುಮ್ಮನೆ ಒತ್ತಿದವರಲ್ಲ. ಸೀರೆಯ ಚಿತ್ರವನ್ನು ಕೊಳ್ಳುವ ಮನಸ್ಸಿಲ್ಲದವರೂ ನೋಡಿ ಸಂತೋಷಪಡಬಹುದು. ಕಾಲೇಜಿನ ಶುಲ್ಕದ ವಿವರವನ್ನು ವಿನೋದಕ್ಕಾಗಿ ಯಾರು ಓದುತ್ತಾರೆ?

ಇದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಕಲಬುರಗಿಯ ಒಂದು ಕಾಲೇಜಿನ ಜಾಹೀರಾತು 20,000 ಸಲ ತೆರೆಯ ಮೇಲೆ ಮೂಡಿತೆನ್ನಿ. ಶೇಕಡ 0.73ರಂತೆ ಅದಕ್ಕೆ 146 ಕ್ಲಿಕ್ ಬೀಳುತ್ತವೆ. ಆ 146ರಲ್ಲಿ ಶೇಕಡ 13.58 ಎಂದರೆ ಸುಮಾರು 20 ಮಂದಿ ವಿವರ ಕೇಳಿ ಅರ್ಜಿ ತುಂಬುತ್ತಾರೆ. ಇಪ್ಪತ್ತು ಸಾವಿರ ಸಲ ಕೂಗಿದ್ದಕ್ಕೆ ಇಪ್ಪತ್ತು ಮಂದಿ! ಅವರಲ್ಲಿ ನಿಜವಾಗಿ ಸೇರುವವರು ಇನ್ನೂ ಕಡಿಮೆ. ಕೂಗಿದ್ದಕ್ಕೆ ತೆತ್ತ ಹಣವಾದರೋ ಕೊನೆಗೆ ಸೇರಿದವರ ಶುಲ್ಕದಿಂದಲೇ ಬರಬೇಕು. ಕಾಲೇಜಿನವರು ಈ ದಶಾಂಶಗಳ ಕಡೆಗೆ ಅಷ್ಟೊಂದು ಗಮನ ಕೊಡುವುದೇಕೆಂಬುದು ಇದರಿಂದ ತಿಳಿಯುತ್ತದೆ.

ಜಾಹೀರಾತು ಎಲ್ಲಿ ಮೂಡಿತು ಎಂಬುದರ ಮೇಲೂ ಪ್ರಮಾಣ ಬದಲಾಗುತ್ತದೆ. ಗೂಗಲ್‌ನಲ್ಲಿ ಹುಡುಕುವಾಗ ಫಲಿತಾಂಶಗಳ ಜೊತೆಗೆ ಕಾಣುವ ಶಿಕ್ಷಣದ ಜಾಹೀರಾತುಗಳಿಗೆ ಅದೇ ಸಂಸ್ಥೆ 2018ರಲ್ಲಿ ಕೊಟ್ಟ ಸರಾಸರಿ ಶೇಕಡ 3.78. ಹುಡುಕುವವನು ತಾನಾಗಿ ಪೇಟೆಗೆ ಬಂದು ‘ವಿಜ್ಞಾನ ವಿಭಾಗವಿರುವ ಕಾಲೇಜು ಎಲ್ಲಿದೆ?’ ಎಂದು ಕೇಳುವವನಿದ್ದಂತೆ. ಜಾಲತಾಣದಲ್ಲಿರುವವನಾದರೋ ಕಟ್ಟೆಯ ಮೇಲೆ ಗೆಳೆಯರೊಡನೆ ಹರಟುತ್ತ ಕುಳಿತವನು; ಅವನ ಮಾತಿನ ನಡುವೆ ಯಾರೋ ಬಂದು ಕರಪತ್ರವನ್ನು ಕೈಗೆ ತುರುಕುತ್ತಾರೆ. ಇವರಿಬ್ಬರ ಉತ್ಸಾಹವನ್ನು ಒಂದೇ ಕೋಲಿನಿಂದ ಅಳೆಯುವುದು ನ್ಯಾಯವಲ್ಲ.

ಮಾನದಂಡವೆಂಬ ಮಾತಿನಲ್ಲಿಯೇ ಒಂದು ಮೋಸವಿದೆಯೆಂದು ನನಗೆ ತೋರುತ್ತದೆ. ಕಿಲೋಗ್ರಾಂ, ಮೀಟರುಗಳಂತೆ ಇದೂ ಸ್ಥಿರವಾದುದೆಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ಮೇಲಿನ ಅಂಕಿಗಳು ಅಮೆರಿಕದ ಖಾತೆಗಳಿಂದ ತೆಗೆದವು. ಕಲಬುರಗಿ ಜಿಲ್ಲೆಯ ಬೆರಳುಗಳನ್ನು ಎಣಿಸಿ ತೆಗೆದವಲ್ಲ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಒಂದೇ ಮೊಬೈಲನ್ನು ತಂದೆ, ತಾಯಿ, ಮಕ್ಕಳು ಸರದಿಯಂತೆ ಬಳಸುತ್ತಾರೆ. ಒತ್ತಿದವರು ಯಾರು? ಹತ್ತನೆಯ ತರಗತಿಯ ಹುಡುಗಿಯೋ, ಆಟವಾಡುತ್ತಿದ್ದ ಅವಳ ಪುಟ್ಟ ತಮ್ಮನೋ? ಗುಮಾಸ್ತನಿಗೆ ಎರಡೂ ಒಂದೇ.

ಸರಾಸರಿಯ ಸ್ವಭಾವವನ್ನು ತೊಗರಿ ಬೆಳೆಯುವ ನಾಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಜಿಲ್ಲೆಯ ಸರಾಸರಿ ಮಳೆ ಚೆನ್ನಾಗಿ ಆಯಿತೆಂದು ಪತ್ರಿಕೆಯಲ್ಲಿ ಬಂದ ದಿನವೇ ಒಬ್ಬ ರೈತನ ಹೊಲ ಒಣಗಿರಬಹುದು, ಇನ್ನೊಬ್ಬನದು ಕೊಚ್ಚಿಹೋಗಿರಬಹುದು. ಅಲ್ಲದೆ ಸಣ್ಣ ಸಂಖ್ಯೆಗಳು ಶೇಕಡದ ವೇಷ ತೊಟ್ಟಾಗ ಬಹಳ ಕುಣಿಯುತ್ತವೆ. ಕಮಲಾಪುರದಲ್ಲಿ ಒಂದು ಜಾಹೀರಾತು ಇನ್ನೂರು ಸಲ ಮೂಡಿ ಒಬ್ಬರು ಒತ್ತಿದರೆ ಪ್ರಮಾಣ ಶೇಕಡ 0.5, ಮಾನದಂಡಕ್ಕಿಂತ ಕೆಳಗೆ. ಇನ್ನೊಬ್ಬರು ಒತ್ತಿದರೆ ಶೇಕಡ 1, ಮಾನದಂಡಕ್ಕಿಂತ ಮೇಲೆ. ಒಂದೇ ಒಂದು ಹೆಬ್ಬೆರಳು ಸೋಲನ್ನು ಗೆಲುವಾಗಿಸಿತು! ಎಣಿಸುವ ಕ್ರಮದಲ್ಲೂ ಭೇದಗಳಿವೆ. ಫೇಸ್‌ಬುಕ್ಕಿನ ಒಡೆಯರಾದ ಮೆಟಾ ಸಂಸ್ಥೆಯವರು ಎರಡು ಬಗೆಯ ಕ್ಲಿಕ್ ಪ್ರಮಾಣಗಳನ್ನು ಕೊಡುತ್ತಾರೆ. ಮೆಚ್ಚುಗೆಯ ಗುರುತನ್ನೊತ್ತಿದ್ದು, ಚಿತ್ರವನ್ನು ಹಿಗ್ಗಿಸಿದ್ದು ಎಲ್ಲವೂ ಒಂದರಲ್ಲಿ ಸೇರುತ್ತವೆ. ಜಾಹೀರಾತಿನ ಕೊಂಡಿಯನ್ನು ಒತ್ತಿದ್ದು ಮಾತ್ರ ಇನ್ನೊಂದರಲ್ಲಿ. ಇದು ತಿಳಿಯದೆ ಒಬ್ಬರ ಮೊದಲನೆಯದನ್ನು ಇನ್ನೊಬ್ಬರ ಎರಡನೆಯದರೊಡನೆ ಹೋಲಿಸುವವರುಂಟು.

ಈ ಲೆಕ್ಕ ಕಾಲೇಜಿನ ಕಚೇರಿಯಲ್ಲೇ ಉಳಿದಿದ್ದರೆ ಅದರಿಂದ ಹೊರಗಿನವರಿಗೆ ಬಾಧೆಯಿರಲಿಲ್ಲ. ಆದರೆ ಜಾಲತಾಣದಲ್ಲಿ ಯಾವ ಜಾಹೀರಾತು ಮೂಡಬೇಕೆಂಬುದು ಒಂದು ಬಗೆಯ ಹರಾಜಿನಿಂದ ತೀರ್ಮಾನವಾಗುತ್ತದೆ. ಯಾರು ಎಷ್ಟು ಹಣ ಕೂಗಿದರು ಎಂಬುದರ ಜೊತೆಗೆ, ಆ ಜಾಹೀರಾತನ್ನು ಜನ ಒತ್ತುವ ಸಂಭವವೆಷ್ಟು ಎಂಬುದನ್ನೂ ಅಲ್ಲಿ ತೂಗಿನೋಡುತ್ತಾರೆ. ಒತ್ತಿಸಿಕೊಳ್ಳಬಲ್ಲ ಜಾಹೀರಾತಿಗೆ ಕಡಿಮೆ ಹಣದಲ್ಲಿ ಹೆಚ್ಚು ಜಾಗ ಸಿಗುತ್ತದೆ. ‘ನಮ್ಮಲ್ಲಿ ರಸಾಯನಶಾಸ್ತ್ರಕ್ಕೆ ಅನುಭವಿ ಉಪನ್ಯಾಸಕರಿದ್ದಾರೆ’ ಎಂಬ ಸತ್ಯಕ್ಕಿಂತ ‘ಇಲ್ಲಿ ಸೇರಿದರೆ ವೈದ್ಯಕೀಯ ಸೀಟು ಖಚಿತ’ ಎಂಬ ಉತ್ಪ್ರೇಕ್ಷೆಗೆ ಬೆರಳುಗಳು ಬೇಗ ಮುಟ್ಟುತ್ತವೆ. ಹೀಗೆ ಸುಳ್ಳು ಅಗ್ಗವಾಗುತ್ತದೆ, ನಿಜ ದುಬಾರಿಯಾಗುತ್ತದೆ. ಈ ಅಪಾಯವನ್ನು ಸರ್ಕಾರವೂ ಗಮನಿಸಿತು. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಕೋಚಿಂಗ್ ಸಂಸ್ಥೆಗಳ ಜಾಹೀರಾತಿಗೆ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಪ್ರವೇಶ ಅಥವಾ ಉದ್ಯೋಗ ಖಚಿತವೆಂದು ಭರವಸೆ ಕೊಡುವಂತಿಲ್ಲ. ತೇರ್ಗಡೆಯಾದ ವಿದ್ಯಾರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಅವನ ಭಾವಚಿತ್ರವನ್ನು ಬಳಸುವಂತಿಲ್ಲ.

ಬೆರಳೊತ್ತಿದ ಮೇಲೆ ಬರುವ ಅರ್ಜಿಯಲ್ಲಿ ಹೆಸರು, ಊರು, ದೂರವಾಣಿ ಸಂಖ್ಯೆಗಳನ್ನು ಕೇಳುತ್ತಾರೆ. ಕೊಟ್ಟ ಸಂಖ್ಯೆ ಎಷ್ಟು ಮೇಜುಗಳನ್ನು ದಾಟುತ್ತದೆಯೋ ಕೊಟ್ಟವರಿಗೆ ತಿಳಿಯದು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಹದಿನೆಂಟು ವರ್ಷ ತುಂಬದವರೆಲ್ಲರೂ ಮಕ್ಕಳೇ. ಅವರ ವಿವರಗಳನ್ನು ಬಳಸಿಕೊಳ್ಳಲು ಪಾಲಕರ ಒಪ್ಪಿಗೆ ಬೇಕೆಂದೂ, ಅವರ ನಡೆನುಡಿಯನ್ನು ಹಿಂಬಾಲಿಸಿ ಅವರನ್ನೇ ಗುರಿಯಾಗಿಟ್ಟು ಜಾಹೀರಾತು ತೋರಿಸಬಾರದೆಂದೂ ಅದು ಹೇಳುತ್ತದೆ.

ಕಮಲಾಪುರದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಸಂಜೆ ಮಗಳು ಮೊಬೈಲಿನಲ್ಲಿ ಒಂದು ಕಾಲೇಜಿನ ಜಾಹೀರಾತನ್ನು ನೋಡುತ್ತಾಳೆ, ಒತ್ತುವುದಿಲ್ಲ. ‘ಅಪ್ಪಾ, ಈ ಕಾಲೇಜು ಹೇಗಿದೆಯೋ ಕೇಳಿ ಬರುತ್ತೀರಾ?’ ಎನ್ನುತ್ತಾಳೆ. ಸೋಮವಾರ ಬೆಳಗಿನ ಬಸ್ಸಿಗೆ ತಂದೆ ಅಂಕಪಟ್ಟಿಯ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಕಲಬುರಗಿಗೆ ಹೊರಡುತ್ತಾನೆ. ಪ್ರಯೋಗಾಲಯದ ಬಾಗಿಲು ತೆರೆಸಿ ನೋಡುತ್ತಾನೆ. ವಿದ್ಯಾರ್ಥಿನಿಲಯದ ನೀರಿನ ವಿಷಯ ಕೇಳುತ್ತಾನೆ. ಹೊರಗೆ ಮರದ ಕೆಳಗೆ ನಿಂತ ಹುಡುಗಿಯರನ್ನು ‘ಪಾಠ ಸರಿಯಾಗಿ ನಡೆಯುತ್ತದೇನಮ್ಮಾ?’ ಎಂದು ವಿಚಾರಿಸುತ್ತಾನೆ. ಮಧ್ಯಾಹ್ನ ಶುಲ್ಕ ಕಟ್ಟಿ ರಸೀದಿಯನ್ನು ಮಡಿಸಿ ಜೇಬಿಗಿಡುತ್ತಾನೆ. ಕಾಲೇಜಿನವರಿಗೆ ಆ ತಿಂಗಳು ಬಂದ ಜಾಹೀರಾತಿನ ವರದಿಯಲ್ಲಿ ಆ ಮನೆಯ ಮೊಬೈಲು ಕೂಡಿಸಿದ ಲೆಕ್ಕವಿಷ್ಟೇ: ತೆರೆಯ ಮೇಲೆ ಮೂಡಿದ್ದು ಒಂದು ಸಲ, ಬೆರಳೊತ್ತಿದ್ದು ಸೊನ್ನೆ.